ಹೈಸ್ಕೂಲ್ ಕುಸ್ತಿಯಲ್ಲಿ ಸ್ಟಾಲಿಂಗ್: ಒಬ್ಬೊಬ್ಬ ರೆಫರಿ ಒಂದೊಂದು ಥರ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಬಂತೆಂದರೆ ಅಮೆರಿಕದ ಹೈಸ್ಕೂಲ್ ಜಿಮ್‌ಗಳಲ್ಲಿ ಕುಸ್ತಿ ಶುರು. ಈಗ ಕನ್ನಡದ ಮನೆಗಳ ಹುಡುಗರು, ಹುಡುಗಿಯರೂ ಮ್ಯಾಟ್‌ಗೆ ಇಳಿಯುತ್ತಿದ್ದಾರೆ. ಅಪ್ಪ ಅಮ್ಮಂದಿರಿಗೆ ಟೇಕ್‌ಡೌನ್ (ನಿಂತ ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತರುವುದು), ಪಿನ್ (ಬೆನ್ನು ಮ್ಯಾಟಿಗೆ ಒತ್ತಿ ಗೆಲ್ಲುವುದು) ಎಲ್ಲ ಎರಡು ವಾರದಲ್ಲಿ ಅರ್ಥವಾಗುತ್ತದೆ. ಸ್ಟಾಲಿಂಗ್, ಅಂದರೆ ಆಡದೆ ಟೈಮ್ ತಳ್ಳುವುದು, ಮಾತ್ರ ನಾಲ್ಕು ವರ್ಷವಾದರೂ ತಲೆನೋವೇ. ಪಂದ್ಯದ ದಿನ ಪಕ್ಕ ಕೂತವರು ಕೇಳಿದ್ದು, ಆಮೇಲೆ ಮೆಸೇಜ್ ಮಾಡಿ ಕೇಳಿದ್ದು, ಕೋಪದಲ್ಲಿ ಫೋನ್ ಮಾಡಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ರೆಫರಿ ಮೇಲೆ ಸಿಟ್ಟಿರುವವರು ನೇರ ಎರಡನೇ ಭಾಗಕ್ಕೆ ಹೋಗಬಹುದು.

## ಈಗಷ್ಟೇ ಶುರು ಮಾಡಿದವರಿಗೆ

ರೆಫರಿ ಮುಷ್ಟಿ ಮೇಲೆತ್ತಿ ಏನೋ ಕೂಗ್ತಾರೆ, ಕುಸ್ತಿ ಮಾತ್ರ ನಿಲ್ಲಲ್ಲ. ಏನದು?

ಅದೇ ಸ್ಟಾಲಿಂಗ್. "ನೀನು ಆಡುತ್ತಿಲ್ಲ, ಟೈಮ್ ತಳ್ಳುತ್ತಿದ್ದೀಯ" ಎಂದು ರೆಫರಿ ಹೇಳುವ ರೀತಿ. ಹೈಸ್ಕೂಲ್ ಪಂದ್ಯ ಎರಡೆರಡು ನಿಮಿಷದ ಮೂರು ಪೀರಿಯಡ್, ಒಟ್ಟು 6 ನಿಮಿಷ. ಅಷ್ಟೂ ಹೊತ್ತು ಇಬ್ಬರೂ ಏನಾದರೂ ಪಟ್ಟು ಹಾಕಲು ನೋಡುತ್ತಲೇ ಇರಬೇಕು. ಸ್ಕೋರ್‌ನಲ್ಲಿ ಮುಂದಿದ್ದರೂ ಅಷ್ಟೇ, ಹಿಂದಿದ್ದರೂ ಅಷ್ಟೇ, ಕೊನೆಯ ಹತ್ತು ಸೆಕೆಂಡ್ ಆದರೂ ಅಷ್ಟೇ. ಮ್ಯಾಟಿನ ನಡುವೆ 10 ಅಡಿಯ ಒಂದು ವೃತ್ತ ಇರುತ್ತದೆ ನೋಡಿ, ಅದರೊಳಗೇ ಇದ್ದು ಆಡುವ ಪ್ರಾಮಾಣಿಕ ಪ್ರಯತ್ನ ಮಾಡಬೇಕು ಎನ್ನುತ್ತದೆ ನಿಯಮ.

ಯಾರ ಮೇಲೆ ಕರೆದರು ಎಂಬುದು ಬಣ್ಣದಿಂದ ಗೊತ್ತಾಗುತ್ತದೆ. ಹೋಮ್ ಟೀಮಿಗೆ ಹಸಿರು, ಹೊರಗಿನಿಂದ ಬಂದವರಿಗೆ ಕೆಂಪು. ರೆಫರಿಯ ಒಂದೊಂದು ಮಣಿಕಟ್ಟಿಗೂ ಒಂದೊಂದು ಬಣ್ಣದ ಪಟ್ಟಿ ಇರುತ್ತದೆ. ಮುಖ ನೋಡಬೇಡಿ, ಕೈ ನೋಡಿ.

ಒಂದ್ಸಲ ಕರೆದ ತಕ್ಷಣ ಪಾಯಿಂಟ್ ಹೋಗಿಬಿಡುತ್ತಾ?

ಇಲ್ಲ. ಮೊದಲನೆಯದು ಬರೀ ವಾರ್ನಿಂಗ್. ಎರಡನೆಯದಕ್ಕೆ ಎದುರಾಳಿಗೆ 1 ಪಾಯಿಂಟ್, ಮೂರನೆಯದಕ್ಕೆ ಇನ್ನೂ 1, ನಾಲ್ಕನೆಯದಕ್ಕೆ 2. ಐದನೆಯ ಸಲಕ್ಕೆ ಪಂದ್ಯದಿಂದಲೇ ಹೊರಗೆ. ಪೀರಿಯಡ್ ಬದಲಾದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ, ಓವರ್‌ಟೈಮ್‌ಗೂ ಅದೇ ಲೆಕ್ಕ ಮುಂದುವರಿಯುತ್ತದೆ. ಮೊದಲ ಪೀರಿಯಡ್‌ನಲ್ಲಿ ಸಿಕ್ಕ ವಾರ್ನಿಂಗನ್ನು ಮಕ್ಕಳು ಮೂರನೆಯದರ ಹೊತ್ತಿಗೆ ಮರೆತೇ ಬಿಟ್ಟಿರುತ್ತಾರೆ. ಸ್ಕೋರ್ ಟೇಬಲ್‌ನವರು ಮರೆತಿರುವುದಿಲ್ಲ.

ನಮ್ಮೂರ ಮಣ್ಣಿನ ಕುಸ್ತಿಯಲ್ಲಿ ಇದೆಲ್ಲ ನೋಡೇ ಇಲ್ಲ. ಇಲ್ಲಿ ಮಾತ್ರ ಯಾಕೆ?

ಬೆಳಗಾವಿ, ಧಾರವಾಡ ಕಡೆಯ ಜಂಗಿ ನಿಕಾಲಿ ಕುಸ್ತಿ ನೋಡಿ ಬೆಳೆದವರು ಇದನ್ನು ಕೇಳೇ ಕೇಳುತ್ತಾರೆ. ಅಲ್ಲಿ ಗೆಲುವು ಎಂದರೆ ಚಿತ್ ಮಾಡುವುದು. ಬೆನ್ನು ಮಣ್ಣಿಗೆ ತಾಗುವ ತನಕ ಪಾಯಿಂಟಿನ ಗೊಡವೆಯೇ ಇಲ್ಲ. ಮುಂದಿದ್ದೇನೆ, ಕಾಪಾಡಿಕೊಳ್ಳೋಣ ಎನ್ನಲು ಅಲ್ಲಿ ಕಾಪಾಡಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಇಬ್ಬರೂ ಸುಮ್ನೆ ಕೈ ಹಿಡಿದು ನಿಂತರೆ ಸುತ್ತ ಕೂತ ಜನವೇ ಬೈದು ಆಡಿಸುತ್ತಾರೆ.

ಇಲ್ಲಿನ ಕುಸ್ತಿ ಪಾಯಿಂಟಿನದು, ಗಡಿಯಾರದ್ದು. 4–2ರಲ್ಲಿ ಮುಂದಿರುವ ಹುಡುಗನಿಗೆ ಓಡಾಡಿಕೊಂಡು ಒಂದು ನಿಮಿಷ ಕಳೆದರೆ ಸಾಕು. ಆ ಆಸೆಗೆ ಬೆಲೆ ಕಟ್ಟಿಸಲು ಸ್ಟಾಲಿಂಗ್ ನಿಯಮ ಬಂದಿದೆ.

ನನ್ನ ಮಗಳು ಕೆಳಗೆ ಸಿಕ್ಕಿಬಿದ್ದಿದ್ಲು, ಪಾಪ. ಅವಳಿಗೇ ಸ್ಟಾಲಿಂಗ್ ಕೊಟ್ಟರಲ್ಲ, ಇದು ನ್ಯಾಯಾನಾ?

ಕೇಳಲು ಕಷ್ಟವಾದರೂ, ಕೊಡಬಹುದು. ಕೆಳಗಿರುವವರು ತಪ್ಪಿಸಿಕೊಳ್ಳಲು ಅಥವಾ ತಿರುಗಿಸಿ ಮೇಲೆ ಬರಲು ಪ್ರಯತ್ನಿಸಬೇಕು. ಹೊಟ್ಟೆ ಮೇಲೆ ಚಪ್ಪಟೆಯಾಗಿ ಮಲಗಿ, ಮೊಣಕೈ ಬಿಗಿ ಹಿಡಿದು, ಪೀರಿಯಡ್ ಮುಗಿದರೆ ಸಾಕು ಎಂದುಕೊಂಡರೆ ಅದು ಸ್ಟಾಲಿಂಗ್. ರೆಫರಿ ಅಂಥ ಕಡೆ ಮಂಡಿಯೂರಿ ಕೂತು ನೋಡುವುದು ಎರಡನ್ನು. ಮೊಣಕಾಲು ಹೊಟ್ಟೆ ಕಡೆಗೆ ಬರುತ್ತಿದೆಯಾ? ಕೈ ನೆಲಕ್ಕೆ ಊರಿ ಎದೆ ಏಳುತ್ತಿದೆಯಾ? ಎದ್ದರೆ ತಾನೇ ಅಂತಲ್ಲ, ಏಳಲು ನೋಡಿದರೂ ಸಾಕು.

ಮೇಲಿರುವವರಿಗೂ ವಿನಾಯಿತಿ ಇಲ್ಲ. ಅವರ ಕೆಲಸ ಪಿನ್ ಮಾಡಲು ನೋಡುವುದು. ಸೊಂಟ ತಬ್ಬಿಕೊಂಡು ಅಂಟಿಕೊಳ್ಳುವುದು, ಪದೇ ಪದೇ ಕಾಲಿಗೆ ಜಾರಿ ಅದನ್ನೇ ಹಿಡಿದು ಕೂರುವುದು ಸ್ಟಾಲಿಂಗ್ ಲೆಕ್ಕವೇ. ನಿಂತಲ್ಲಿ ಆಡುವಾಗ ಎದುರಾಳಿಯ ಕೈಗೆ ಸಿಗದೆ ಹಿಂದೆ ಹಿಂದೆ ಸರಿಯುವುದು, ಮ್ಯಾಟಿನ ಅಂಚಿನಲ್ಲೇ ಸುಳಿದಾಡುವುದು, ಟೇಕ್‌ಡೌನ್‌ಗೆ ಕೈಯೇ ಹಾಕದಿರುವುದು, ಇವೂ ಅಷ್ಟೇ. ಹೊರಗೆ ಹೋದ ಮೇಲೆ ಆರಾಮಾಗಿ ಹೆಡ್‌ಗಿಯರ್ ಸರಿ ಮಾಡಿಕೊಳ್ಳುತ್ತಾ ವಾಪಸ್ ಬರುವುದನ್ನೂ ಇದೇ ಪಟ್ಟಿಗೆ ಸೇರಿಸಬಹುದು.

ಕೆಲವು ಸಲ ಸೀಟಿ ಊದಿ ಬಿಡಿಸ್ತಾರೆ, ಯಾರಿಗೂ ಏನೂ ಹೇಳಲ್ಲ. ಕೆಲವು ಸಲ ವಾರ್ನಿಂಗ್ ಇಲ್ಲದೆ ಪಾಯಿಂಟೇ ಕೊಟ್ಟುಬಿಡ್ತಾರೆ. ಗೊಂದಲ ಆಗುತ್ತಪ್ಪ!

ಮೊದಲನೆಯದು ಸ್ಟೇಲ್‌ಮೇಟ್. ಇಬ್ಬರೂ ಪ್ರಯತ್ನಿಸಿದರು, ಕೈಕಾಲು ಸಿಕ್ಕಿಕೊಂಡಿತು, ಯಾರಿಗೂ ಮುಂದೆ ಹೋಗಲು ದಾರಿಯಿಲ್ಲ. ಬಿಡಿಸಿ ಮತ್ತೆ ಶುರು ಮಾಡಿಸುತ್ತಾರೆ, ಯಾರ ತಪ್ಪೂ ಅಲ್ಲ. ಎರಡನೆಯದು ಫ್ಲೀಯಿಂಗ್, ಅಂದರೆ ಸಿಕ್ಕಿಬೀಳುವುದನ್ನು ತಪ್ಪಿಸಿಕೊಳ್ಳಲು ಬೇಕಂತಲೇ ಮ್ಯಾಟ್ ಬಿಟ್ಟು ಹೊರಗೆ ಹೋಗುವುದು. ಅದಕ್ಕೆ ವಾರ್ನಿಂಗ್ ಇಲ್ಲ, ನೇರ 1 ಪಾಯಿಂಟ್.

## ಒಂದೇ ನಿಯಮ, ಹತ್ತು ರೆಫರಿ

ಕಳೆದ ವಾರದ ರೆಫರಿ ಎರಡು ಸಲ ಕರೆದರು. ಈ ವಾರದವರು ಒಂದು ಸಲವೂ ಇಲ್ಲ. ರೂಲ್ ಬುಕ್ ಒಂದೇ ಅಲ್ವಾ?

ಪುಸ್ತಕ ಒಂದೇ. ಬಹುತೇಕ ರಾಜ್ಯಗಳು ಎನ್‌ಎಫ್‌ಎಚ್‌ಎಸ್ (ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ) ಬರೆದ ನಿಯಮಗಳನ್ನೇ ಪಾಲಿಸುತ್ತವೆ. ಆದರೆ ಟೇಕ್‌ಡೌನ್ ಆಯಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಹುಡುಗ ಮನಸ್ಸಿಟ್ಟು ಆಡುತ್ತಿದ್ದಾನೋ ಇಲ್ಲವೋ ಎಂಬುದನ್ನು ಊಹಿಸಬೇಕು. ಅಡುಗೆ ಪುಸ್ತಕದಲ್ಲಿ "ಉಪ್ಪು, ರುಚಿಗೆ ತಕ್ಕಷ್ಟು" ಅಂತಿರುತ್ತಲ್ಲ, ಸ್ಟಾಲಿಂಗ್ ನಿಯಮವೂ ಬಹುಪಾಲು ಹಾಗೇ ಇದೆ. ಪದೇ ಪದೇ, ಸತತವಾಗಿ ಎನ್ನುತ್ತದೆ. ಎಷ್ಟು ಸಲಕ್ಕೆ ಪದೇ ಪದೇ? ಅಲ್ಲಿ ಅವರವರ ಲೆಕ್ಕ.

ಅದರ ಮೇಲೆ ರೆಫರಿಗಳ ಹಿನ್ನೆಲೆ ಬೇರೆ. ತಾವೇ ಕಾಲು ಹಾಕಿ ಮೇಲೆ ಕೂತು ಗೆಲ್ಲುತ್ತಿದ್ದ ಹಳೆಯ ಕುಸ್ತಿಪಟು ರೆಫರಿಯಾದರೆ, ಮೇಲಿರುವವನ ಬಿಗಿ ಹಿಡಿತ ಅವರಿಗೆ ಕೆಲಸದಂತೆ ಕಾಣುತ್ತದೆ. ನಿಂತು ಆಡಿ ಗೆದ್ದವರಿಗೆ ಅದೇ ಹಿಡಿತ ಕಾಲಹರಣ. ಇಬ್ಬರೂ ಪ್ರಾಮಾಣಿಕರೇ.

ಎರಡೇ ಸ್ಕೂಲುಗಳು ಎದುರಾಗುವ ಡ್ಯುಯಲ್ ಮೀಟ್‌ನಲ್ಲಿ ಸಾಮಾನ್ಯವಾಗಿ ಎಲ್ಲ ತೂಕದ ಪಂದ್ಯಗಳನ್ನೂ ಒಬ್ಬರೇ ರೆಫರಿ ನಡೆಸುವುದರಿಂದ ಅಳತೆ ಒಂದೇ ಇರುತ್ತದೆ. ಶನಿವಾರದ ದೊಡ್ಡ ಟೂರ್ನಮೆಂಟಿನಲ್ಲಿ ಆರೆಂಟು ಮ್ಯಾಟ್, ಅಷ್ಟೇ ರೆಫರಿಗಳು. ಬೆಳಗ್ಗೆ ಮೂರನೇ ಮ್ಯಾಟ್‌ನಲ್ಲಿ ನಡೆದದ್ದು ಮಧ್ಯಾಹ್ನ ಐದನೇ ಮ್ಯಾಟ್‌ನಲ್ಲಿ ನಡೆಯುತ್ತದೆ ಎಂಬ ನಂಬಿಕೆ ಬೇಡ.

ಹಾಗಾಗಿ ಎಲ್ಲ ರೆಫರಿಗಳೂ ಒಂದೇ ಥರ ಕರೆಯಲಿ ಎಂದು ಕೇಳುವುದನ್ನು ನಾನಂತೂ ಬಿಟ್ಟಿದ್ದೇನೆ. ಕೇಳಬೇಕಾದದ್ದು ಇಷ್ಟೇ: ಆ 6 ನಿಮಿಷದೊಳಗೆ ಇಬ್ಬರಿಗೂ ಒಂದೇ ಅಳತೆ, ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಒಂದೇ ಅಳತೆ. ಇದು ಸಿಗದಿದ್ದಾಗ ದೂರು ನ್ಯಾಯವಾದದ್ದೇ.

ವಾರ್ನಿಂಗ್ ಪಟ್ಟಂತ ಕೊಡ್ತಾರೆ. ಅದೇ ತಪ್ಪು ಮತ್ತೆ ಮಾಡಿದ್ರೆ ನೋಡಿಯೂ ನೋಡದ ಹಾಗೆ ಇರ್ತಾರಲ್ಲ, ಯಾಕೆ?

ನನ್ನ ಪ್ರಕಾರ ಈ ಪುಟದ ಅಸಲಿ ಪ್ರಶ್ನೆ ಇದೇ. ಜನ ಪಕ್ಷಪಾತ ಎಂದು ಕೂಗುವ ಬಹಳಷ್ಟು ಕಡೆ ಇರುವುದು ಪಕ್ಷಪಾತವಲ್ಲ, ಎರಡನೆಯ ಸಲ ಕರೆಯುವ ಹಿಂಜರಿಕೆ.

ಒಂದು ಪಂದ್ಯ ನೋಡೋಣ. ಕೆಂಪು ಮೊದಲ ಪೀರಿಯಡ್‌ನಲ್ಲಿ ಟೇಕ್‌ಡೌನ್ ಮಾಡಿದ, 3–0. ಹಸಿರು ತಪ್ಪಿಸಿಕೊಂಡ, 3–1. ಎರಡನೆಯದರಲ್ಲಿ ಹಸಿರು ಕೆಳಗಿನ ಸ್ಥಾನ ಆರಿಸಿಕೊಂಡು ಎದ್ದುಬಂದ, 3–2. ಮೂರನೆಯದರಲ್ಲಿ ಕೆಂಪಿನ ಸರದಿ, ಅವನೂ ಎದ್ದ, 4–2. ಇನ್ನು 50 ಸೆಕೆಂಡ್ ಇದೆ. ಹಸಿರಿಗೆ ಒಂದು ಟೇಕ್‌ಡೌನ್ ಸಿಕ್ಕರೆ ಗೆಲುವು. ಕೆಂಪು ಹಿಂದೆ ಸರಿಯುತ್ತಾನೆ, ಅಂಚಿಗೆ ಬರುತ್ತಾನೆ, ಗೆರೆ ದಾಟುತ್ತಾನೆ. ಮಧ್ಯಕ್ಕೆ ವಾಪಸ್. ಮತ್ತೆ ಅದೇ. ರೆಫರಿಯ ಮುಷ್ಟಿ ಮೇಲೆ ಹೋಯಿತು, ವಾರ್ನಿಂಗ್. ಹಸಿರಿನ ಕಡೆಯವರೆಲ್ಲ ಎದ್ದು ನಿಂತರು. 25 ಸೆಕೆಂಡ್. ಕೆಂಪು ಒಂದು ಸಲ ಸುಮ್ನೆ ಕಾಲಿಗೆ ಕೈ ಚಾಚಿದ ಹಾಗೆ ಮಾಡಿ ಮತ್ತೆ ಹಿಂದೆ ಸರಿದ.

ಈಗ ಕರೆದರೆ 4–3. ಇನ್ನೊಮ್ಮೆ ಕರೆದರೆ 4–4, ಓವರ್‌ಟೈಮ್. ವಾರ್ನಿಂಗ್ ಕೊಡುವಾಗ ಸ್ಕೋರ್ ಬೋರ್ಡ್ ಅಲುಗಾಡುವುದಿಲ್ಲ. ಇಲ್ಲಿ ಅಲುಗಾಡುತ್ತದೆ. ಪಂದ್ಯವನ್ನು ಮಕ್ಕಳೇ ತೀರ್ಮಾನ ಮಾಡಲಿ, ನಾನ್ಯಾಕೆ ನಡುವೆ ಬರಲಿ ಎನ್ನುತ್ತದೆ ರೆಫರಿಯ ಮನಸ್ಸು. ಕೇಳಲು ಚೆನ್ನಾಗಿದೆ. ಆದರೆ ಕರೆಯದೇ ಇದ್ದದ್ದೂ ತೀರ್ಮಾನವೇ ಅಲ್ವಾ? ಓಡಿದವನ ಪರ ಆದ ತೀರ್ಮಾನ. ಸಡನ್ ವಿಕ್ಟರಿ ಓವರ್‌ಟೈಮ್‌ನಲ್ಲಿ ಇದು ಇನ್ನೂ ಜಾಸ್ತಿ. ಮೊದಲ ಪಾಯಿಂಟ್ ಬಂದವರೇ ಗೆದ್ದರು ಎಂಬ ಆ ಒಂದು ನಿಮಿಷದಲ್ಲಿ, ಮೊದಲೇ ವಾರ್ನಿಂಗ್ ಇದ್ದವನ ಮೇಲೆ ಮುಷ್ಟಿ ಎತ್ತಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಗಟ್ಟಿ ಗುಂಡಿಗೆ ಬೇಕು.

ಒಳ್ಳೆಯ ರೆಫರಿಗಳು ಇದನ್ನು ಹೇಗೆ ನಿಭಾಯಿಸುತ್ತಾರೆ ಗೊತ್ತಾ? ಮೊದಲ ಪೀರಿಯಡ್‌ನಲ್ಲೇ, ಸ್ಕೋರ್ 0–0 ಇರುವಾಗಲೇ ವಾರ್ನಿಂಗ್ ಕೊಟ್ಟುಬಿಡುತ್ತಾರೆ. ಆಗ ಕೊನೆಯಲ್ಲಿ ಕರೆದದ್ದು ಯಾರಿಗೂ ಆಶ್ಚರ್ಯ ತರುವುದಿಲ್ಲ.

ಮುಂದೆ ನುಗ್ಗಿ ತಳ್ಳುವವನಿಗೇ ಯಾವಾಗಲೂ ಲಾಭ. ತಳ್ಳೋದೂ ಕುಸ್ತಿನಾ?

ಬರೀ ತಳ್ಳುವುದು ಕುಸ್ತಿಯಲ್ಲ, ನಿಯಮವೂ ಹಾಗೆ ಹೇಳುವುದಿಲ್ಲ. ಎಲ್ಲ ಕಡೆಯ ರೆಫರಿಗಳೂ ಜಾಸ್ತಿ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ದೂರದಿಂದ ನೋಡಿದರೆ ಒಬ್ಬ ಮುಂದೆ, ಒಬ್ಬ ಹಿಂದೆ. ಹಿಂದೆ ಹೋದವನು ತಪ್ಪಿತಸ್ಥ.

ಹತ್ತಿರದಿಂದ ನೋಡಿ. ತಳ್ಳುವವನ ಹಣೆ ಎದುರಾಳಿಯ ಕಿವಿ ಹತ್ತಿರ ಊರಿದೆ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಮಣಿಕಟ್ಟಿನ ಮೇಲೆ. ಸೊಂಟ ಹಿಂದೆ, ಕಾಲು ಇನ್ನೂ ಹಿಂದೆ. ಆ ನಿಲುವಿನಿಂದ ಕಾಲಿಗೆ ನುಗ್ಗಲು ಸಾಧ್ಯವೇ ಇಲ್ಲ. ಅವನಿಗೆ ನುಗ್ಗುವ ಯೋಚನೆಯೂ ಇಲ್ಲ. ಎದುರಾಳಿಯನ್ನು ಗೆರೆಯಾಚೆ ದೂಡಿ ಸ್ಟಾಲಿಂಗ್ ಗಿಟ್ಟಿಸುವುದೇ ಅವನ ಆಟ. ಹಿಂದೆ ಹೋಗುವ ಹುಡುಗ ಪಕ್ಕಕ್ಕೆ ಸುತ್ತಿ ಮಧ್ಯಕ್ಕೆ ಬರಲು ನೋಡುತ್ತಿದ್ದರೆ, ನಿಜವಾಗಿ ಆಡುತ್ತಿರುವವನು ಅವನೇ.

ಅನುಭವಿ ರೆಫರಿಗಳು ಇಂಥಲ್ಲಿ ಇಬ್ಬರ ಮೇಲೂ ಒಟ್ಟಿಗೆ ಕರೆಯುತ್ತಾರೆ. ಅದಕ್ಕೆ ಅವಕಾಶ ಇದೆ. ಆದರೆ ಇಬ್ಬರಿಗೂ ಕೊಟ್ಟು ಕೈ ತೊಳೆದುಕೊಳ್ಳುವ ರೆಫರಿಗಳೂ ಇದ್ದಾರೆ ಅನ್ನಿ.

ನಾವು ಬೇರೆ ಸ್ಕೂಲಿಗೆ ಹೋದಾಗಲೆಲ್ಲ ನಮ್ಮ ಮಕ್ಕಳ ಮೇಲೇ ಸ್ಟಾಲಿಂಗ್. ಹೋಮ್ ಟೀಮ್ ಪರ ಇರ್ತಾರಾ?

ಇಡೀ ಜಿಮ್ ಒಟ್ಟಿಗೆ "ಸ್ಟಾಲಿಂಗ್!" ಎಂದು ಕೂಗುವಾಗ ರೆಫರಿಯ ಗಮನ ಆ ಹುಡುಗನ ಮೇಲೆ ಹೋಗುವುದು ಸಹಜ. ಗಮನ ಹೋದ ಮೇಲೆ ತಪ್ಪು ಕಾಣುವುದೂ ಸಹಜ. ಅದನ್ನು ಇಲ್ಲ ಎನ್ನಲಾರೆ. ಆದರೆ ನಾವೂ ನಮ್ಮ ಮಗುವನ್ನಷ್ಟೇ ನೋಡುತ್ತಿರುತ್ತೇವೆ. ಫೋನ್‌ನಲ್ಲಿ ತೆಗೆದ ವಿಡಿಯೊವನ್ನು ಮರುದಿನ ದನಿ ಆರಿಸಿ, ಎದುರಾಳಿಯನ್ನು ಮಾತ್ರ ನೋಡುತ್ತಾ ಒಮ್ಮೆ ಹಾಕಿ. ಅರ್ಧದಷ್ಟು ಸಿಟ್ಟು ಇಳಿಯುತ್ತದೆ. ಉಳಿದ ಅರ್ಧಕ್ಕೆ ಕಾರಣ ಇರಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಇಷ್ಟು ಅನ್ಯಾಯ ಆಗ್ತಿದ್ರೂ ನಮ್ಮ ಕೋಚ್ ಸುಮ್ನೆ ಕೂತಿರ್ತಾರೆ. ಹೋಗಿ ಕೇಳಬಾರದಾ?

ಕೇಳುವ ಹಾಗಿಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದರೆ, ಉದಾಹರಣೆಗೆ ಎರಡನೆಯ ಸ್ಟಾಲಿಂಗ್‌ಗೆ ಪಾಯಿಂಟ್ ಕೊಡುವುದನ್ನು ಮರೆತರೆ, ಕೋಚ್ ಸ್ಕೋರ್ ಟೇಬಲ್ ಹತ್ತಿರ ಹೋಗಿ ರೆಫರಿ ಜೊತೆ ಮಾತಾಡಬಹುದು. ಅದು ಸ್ಟಾಲಿಂಗ್ ಹೌದೋ ಅಲ್ಲವೋ ಎಂಬುದು ರೆಫರಿಯ ವಿವೇಚನೆ. ಅದನ್ನು ಪ್ರಶ್ನಿಸಿದರೆ ಕೋಚ್‌ಗೇ ಮೊದಲು ವಾರ್ನಿಂಗ್, ಆಮೇಲೆ ಟೀಮಿನ ಪಾಯಿಂಟ್ ಕಡಿತ. ಮೂರು ಪಾಯಿಂಟಿನಲ್ಲಿ ನಿರ್ಧಾರವಾಗುವ ಡ್ಯುಯಲ್ ಮೀಟ್‌ನಲ್ಲಿ ಯಾವ ಕೋಚ್ ತಾನೇ ಅದಕ್ಕೆ ಕೈ ಹಾಕುತ್ತಾರೆ?

ಹಾಗಂತ ಸುಮ್ನಿರುವ ಕೋಚ್ ಏನೂ ಮಾಡುತ್ತಿಲ್ಲ ಎಂದಲ್ಲ. ಪೀರಿಯಡ್ ನಡುವೆ ಮೆಲ್ಲಗೆ "ಕೆಂಪು ಬರೀ ತಳ್ಳುತ್ತಿದ್ದಾನೆ, ಸ್ವಲ್ಪ ನೋಡಿ ಸರ್" ಎನ್ನುವುದು ನಡೆಯುತ್ತದೆ. ಕೂಗಾಟಕ್ಕಿಂತ ಇದು ಕೆಲಸ ಮಾಡುತ್ತದೆ.

ಮಗ ಬೇಸಿಗೆಯಲ್ಲಿ ಕ್ಲಬ್‌ನಲ್ಲಿ ಫ್ರೀಸ್ಟೈಲ್ ಆಡ್ತಾನೆ. ಅಲ್ಲಿ ಈ ಜಗಳ ಕಡಿಮೆ. ಆ ನಿಯಮವನ್ನೇ ಇಲ್ಲಿಗೂ ತರಬಾರದಾ?

ಫ್ರೀಸ್ಟೈಲ್‌ನಲ್ಲಿ ಗೆರೆಯಿಂದ ಹೊರಗೆ ಕಾಲಿಟ್ಟರೆ ಎದುರಾಳಿಗೆ 1 ಪಾಯಿಂಟ್. ಮನಸ್ಸು ಓದುವ ಗೋಜೇ ಇಲ್ಲ, ಕಾಲು ನೋಡಿದರೆ ಆಯಿತು. ಆಡದೆ ಇರುವವನಿಗೆ 30 ಸೆಕೆಂಡಿನ ಗಡಿಯಾರ ಹಾಕುತ್ತಾರೆ. ಅಷ್ಟರಲ್ಲಿ ಯಾರೂ ಪಾಯಿಂಟ್ ಮಾಡದಿದ್ದರೆ ಎದುರಾಳಿಗೆ 1. ಯಾರಿಗೆ ಗಡಿಯಾರ ಹಾಕಬೇಕು ಎಂಬ ಜಗಳ ಅಲ್ಲೂ ಇದೆ, ಆದರೆ ಹಾಕಿದ ಮೇಲೆ ಎಲ್ಲರಿಗೂ ಕಾಣುತ್ತದೆ. ಕಾಲೇಜು ಕುಸ್ತಿಯಲ್ಲೂ ಮೇಲಿರುವವನು ಕಾಲಿಗೆ ಜಾರಿದರೆ ರೆಫರಿ ಕೈ ಬೀಸಿ 5 ಸೆಕೆಂಡ್ ಎಣಿಸುತ್ತಾರೆ. ಎಣಿಕೆ ಬಂದ ಕಡೆ ವ್ಯತ್ಯಾಸ ಕಮ್ಮಿಯಾಗುತ್ತದೆ, ಅದು ನಿಜ.

ಹೈಸ್ಕೂಲಿಗೆ ಗೆರೆಯ ಪಾಯಿಂಟ್ ತಂದರೆ ನನಗೆ ಒಂದೇ ಭಯ. ಈಗಾಗಲೇ ತಳ್ಳುವುದನ್ನೇ ಕುಸ್ತಿ ಅಂದುಕೊಂಡಿರುವ ದಪ್ಪ ಮಕ್ಕಳಿಗೆ ಅದು ಹಬ್ಬ. ಮೇಲೆ–ಕೆಳಗೆ ಆಡುವುದಕ್ಕಂತೂ ಫ್ರೀಸ್ಟೈಲ್‌ನಲ್ಲಿ ಉತ್ತರವೇ ಇಲ್ಲ. ಅಲ್ಲಿ ಸ್ವಲ್ಪ ಹೊತ್ತು ಏನೂ ಆಗದಿದ್ದರೆ ಎಬ್ಬಿಸಿ ನಿಲ್ಲಿಸುತ್ತಾರೆ. ಇಲ್ಲಿನ ಕುಸ್ತಿಯ ಅರ್ಧ ಜೀವ ಇರುವುದೇ ನೆಲದ ಮೇಲೆ.

ಟೇಕ್‌ಡೌನ್‌ಗೆ ಮೂರು ಪಾಯಿಂಟ್ ಆದ ಮೇಲೆ ಸ್ಟಾಲಿಂಗ್ ಕಮ್ಮಿ ಆಗಬೇಕಿತ್ತಲ್ವಾ?

2024–25ರ ಸೀಸನ್‌ನಿಂದ ಹೈಸ್ಕೂಲಿನಲ್ಲೂ ಟೇಕ್‌ಡೌನ್‌ಗೆ 2ರ ಬದಲು 3 ಆಯಿತು. ಕಾಲೇಜಿನಲ್ಲಿ ಅದಕ್ಕೆ ಒಂದು ವರ್ಷ ಮೊದಲೇ ಬಂದಿತ್ತು. ನುಗ್ಗುವವನಿಗೆ ಜಾಸ್ತಿ ಸಿಗಲಿ ಎಂಬುದು ಉದ್ದೇಶ. ನುಗ್ಗುವ ಮಕ್ಕಳು ಇನ್ನೂ ನುಗ್ಗುತ್ತಿದ್ದಾರೆ, ಸರಿ.

ಆದರೆ ಇನ್ನೊಂದು ಕಡೆಯ ಲೆಕ್ಕ ನೋಡಿ. ಮೊದಲು ಒಂದು ಟೇಕ್‌ಡೌನ್, ಒಂದು ಎಸ್ಕೇಪ್ (ಕೆಳಗಿನಿಂದ ತಪ್ಪಿಸಿಕೊಳ್ಳುವುದು) ಆದರೆ 2–1. ಮುಂದಿದ್ದವನ ಮೇಲೆ ಒಂದು ಸ್ಟಾಲಿಂಗ್ ಪಾಯಿಂಟ್ ಬಿದ್ದರೆ ಸಮ. ಈಗ ಅದೇ ಆಟಕ್ಕೆ 3–1. ಒಂದು ಪಾಯಿಂಟ್ ಹೋದರೂ ಅವನು ಮುಂದೆಯೇ. ಟೇಕ್‌ಡೌನಿನ ಬೆಲೆ ಏರಿತು, ಸ್ಟಾಲಿಂಗ್ ದಂಡ ಹಾಗೇ ಉಳಿಯಿತು. ಮುಂದಿರುವವನಿಗೆ ಓಡುವುದು ಅಗ್ಗವಾಯಿತು. ಇದನ್ನು ಸರಿ ಮಾಡದೆ ರೆಫರಿಗಳನ್ನಷ್ಟೇ ಬೈದು ಪ್ರಯೋಜನವಿಲ್ಲ.

ಅದೇ ವರ್ಷ ಗೆರೆಯ ನಿಯಮವೂ ಸಡಿಲವಾಯಿತು. ಇಬ್ಬರಲ್ಲಿ ಯಾರದಾದರೂ ದೇಹದ ಒಂದು ಭಾಗ ಗೆರೆಯೊಳಗೆ ತಾಗಿದ್ದರೆ ಸಾಕು, ಆಟ ನಡೆಯುತ್ತದೆ. ಅಂಚಿಗೆ ಹೋಗಿ ಉಸಿರು ಎಳೆದುಕೊಳ್ಳುತ್ತಿದ್ದವರಿಗೆ ನಿಜವಾಗಿ ಬಿಸಿ ತಟ್ಟಿದ್ದು ಇದರಿಂದ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ರೆಫರಿ ಹೇಗೇ ಇರಲಿ, ನನ್ನ ಮಗ ಏನು ಮಾಡಬೇಕು ಹೇಳಿ.

ಮೊದಲನೆಯದು, ತನಗಿಂತ ಮುಂಚಿನ ಎರಡು ಪಂದ್ಯಗಳನ್ನು ನೋಡಲಿ. ಹಾಡು ಕೇಳುತ್ತಾ ಮೂಲೆಯಲ್ಲಿ ಕೂರುವ ಬದಲು, ಈ ರೆಫರಿ ಯಾವುದಕ್ಕೆ ಕರೆಯುತ್ತಾರೆ, ಅಂಚಿಗೋ, ಕಾಲು ಹಿಡಿದು ಕೂರುವುದಕ್ಕೋ, ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದು, ರೆಫರಿಯ ಮಾತು ಕೇಳಿಸಿಕೊಳ್ಳಲಿ. "ಸೆಂಟರ್", "ಕಾಂಟ್ಯಾಕ್ಟ್", "ವರ್ಕ್ ಅಪ್", "ಇಂಪ್ರೂವ್" ಎಂದು ಆಡುವಾಗಲೇ ಹೇಳುತ್ತಿರುತ್ತಾರೆ. ಹೀಗೆ ಹೇಳಲೇಬೇಕೆಂದಿಲ್ಲ, ನೇರವಾಗಿ ವಾರ್ನಿಂಗ್ ಕೊಡಬಹುದು. ಹೇಳಿದರು ಎಂದರೆ ಅದು ಉಪಕಾರ. ಐದು ಸೆಕೆಂಡಿನಲ್ಲಿ ಏನಾದರೂ ಮಾಡಬೇಕು.

ಮುಂದಿರುವಾಗ ಹಿಂದೆ ನೇರ ಸರಿಯದೆ ಸುತ್ತುವುದು, ಪ್ರತಿ ಹದಿನೈದು ಇಪ್ಪತ್ತು ಸೆಕೆಂಡಿಗೆ ಒಂದಾದರೂ ನಿಜವಾದ ಶಾಟ್ ಹಾಕುವುದು (ಟೇಕ್‌ಡೌನ್‌ಗಾಗಿ ಕಾಲಿಗೆ ನುಗ್ಗುವುದು), ಗೆರೆ ದಾಟಿದರೆ ಮಧ್ಯಕ್ಕೆ ಓಡಿಕೊಂಡು ಬರುವುದು, ಇವಿಷ್ಟೂ ಅಭ್ಯಾಸದಲ್ಲೇ ಕೂರಬೇಕು. ಓಡಿಬರುವುದು ಚಿಕ್ಕ ವಿಷಯ ಅನ್ನಿಸಬಹುದು. ಸುಸ್ತಾಗಿಲ್ಲ, ಆಡಲು ಬಂದಿದ್ದೇನೆ ಎಂದು ರೆಫರಿಗೆ ತೋರುವುದು ಅದೇ. ವಾರ್ನಿಂಗ್ ಸಿಕ್ಕಾಗ ತಲೆ ಅಲ್ಲಾಡಿಸಿ ನಗುವುದು, ಕೈ ಚೆಲ್ಲುವುದು ಬೇಡವೇ ಬೇಡ.

ಇಷ್ಟೆಲ್ಲ ಗೊತ್ತಾದ ಮೇಲೆ ನಾನೇ ರೆಫರಿ ಆಗೋಣ ಅನ್ನಿಸ್ತಿದೆ. ನಮ್ಮಂಥವರಿಗೆ ಆಗುತ್ತಾ?

ಖಂಡಿತ ಆಗುತ್ತದೆ, ಬೇಕಾಗಿಯೂ ಇದೆ. 2018–19ರ ನಂತರದ ಕೆಲವೇ ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಹೈಸ್ಕೂಲ್ ರೆಫರಿಗಳು ಕೆಲಸ ಬಿಟ್ಟರು ಎಂದು ಎನ್‌ಎಫ್‌ಎಚ್‌ಎಸ್ ಹೇಳಿತ್ತು. ಪ್ರೇಕ್ಷಕರ ಬೈಗುಳ ದೊಡ್ಡ ಕಾರಣ. ಅನುಭವಿಗಳು ಹೋದಷ್ಟೂ ಹೊಸಬರ ಕೈಗೆ ದೊಡ್ಡ ಪಂದ್ಯ ಬೀಳುತ್ತದೆ, ಸ್ಟಾಲಿಂಗ್ ವ್ಯತ್ಯಾಸ ಜಾಸ್ತಿಯಾಗುವುದಕ್ಕೆ ಅದೂ ಒಂದು ಕಾರಣ.

ನಿಮ್ಮ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ನಿಯಮಗಳ ಪರೀಕ್ಷೆ ಬರೆದು, ಸ್ಥಳೀಯ ರೆಫರಿಗಳ ಸಂಘದ ತರಬೇತಿಗೆ ಹೋಗಬೇಕು. ಹಿಂದೆ ಕುಸ್ತಿ ಆಡಿದ್ದರೆ ಒಳ್ಳೆಯದು, ಆಡದವರೂ ಕಲಿತು ಮಾಡುತ್ತಿದ್ದಾರೆ. ಶುರುವಿಗೆ ಮಿಡ್ಲ್ ಸ್ಕೂಲ್ ಮತ್ತು ಜೂನಿಯರ್ ವಾರ್ಸಿಟಿ (ಹೈಸ್ಕೂಲಿನ ಎರಡನೇ ತಂಡ) ಪಂದ್ಯ ಕೇಳಿ ಪಡೆಯಿರಿ. ಪಟ್ಟೆ ಶರ್ಟು, ಕಪ್ಪು ಪ್ಯಾಂಟು, ಸೀಟಿ, ಕೆಂಪು–ಹಸಿರು ಪಟ್ಟಿಗಳನ್ನು ಸಾಮಾನ್ಯವಾಗಿ ನೀವೇ ಕೊಳ್ಳಬೇಕು. ನಿಮ್ಮ ಮಗ ಅಥವಾ ಮಗಳು ಆಡುವ ಸ್ಕೂಲಿನ ಪಂದ್ಯ ಮಾತ್ರ ಒಪ್ಪಿಕೊಳ್ಳಬೇಡಿ.